ಕುಶ್ ಸಾಮ್ರಾಜ್ಯಕ್ಕೆ ಪಠ್ಯದಲ್ಲಿ ಜಾಗವೇಕಿಲ್ಲ?

2003ರ ಎಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಗ್ದಾದನ್ನು ವಶಪಡಿಸಿಕೊಂಡ ದಿನಗಳಲ್ಲಿ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಸುಮಾರು 15 ಸಾವಿರ ಪ್ರಾಚೀನ ವಸ್ತುಗಳು ಕಾಣೆಯಾದವು. ಜಗತ್ತು ಮರುಗಿತು. ಮೆಸಪೊಟೇಮಿಯಾದ ನೆನಪೇ ಅಳಿಸಿಹೋಯಿತೆಂದು ವಿದ್ವಾಂಸರು ಬರೆದರು, ವಸ್ತುಗಳನ್ನು ಮರಳಿ ಪಡೆಯಲು ಹಲವು ದೇಶಗಳು ಕೈಜೋಡಿಸಿದವು. ಅದು ಆಗಬೇಕಾದುದೇ ಆಗಿತ್ತು.

ಇಪ್ಪತ್ತು ವರ್ಷಗಳ ಬಳಿಕ, 2023ರ ಎಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ಮಧ್ಯೆ ಯುದ್ಧ ಆರಂಭವಾಯಿತು. ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳು ಸಂಗಮಿಸುವಲ್ಲಿ ನಿಂತಿರುವ ಖಾರ್ತೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೋರಾಟದ ನಡುವೆ ಸಿಲುಕಿತು. 2025ರ ಮಾರ್ಚ್‌ನಲ್ಲಿ ಸೇನೆ ನಗರವನ್ನು ಮರಳಿ ಪಡೆದಾಗ ಒಳಹೊಕ್ಕವರಿಗೆ ಕಂಡದ್ದು ಒಡೆದ ಕಪಾಟುಗಳು ಮತ್ತು ಖಾಲಿಯಾದ ಉಗ್ರಾಣಗಳು. ಅರಸರ ಸಮಾಧಿಗಳಿಂದ ಹೊರತೆಗೆದು ಜೋಪಾನ ಮಾಡಿದ್ದ ಚಿನ್ನ ಮಾಯವಾಗಿತ್ತು. ಈ ಸುದ್ದಿ ನಮ್ಮಲ್ಲಿ ಎಷ್ಟು ಮಂದಿಯ ಕಣ್ಣಿಗೆ ಬಿತ್ತು? ಬಿದ್ದರೂ, ಅಲ್ಲಿಂದ ಕಳವಾದದ್ದು ಯಾರ ಚಿನ್ನ ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಮಂದಿ?

ಇರಾಕಿನಲ್ಲಿ ಅಮೆರಿಕವಿತ್ತು, ಆದ್ದರಿಂದ ಅಲ್ಲಿ ಕ್ಯಾಮೆರಾಗಳೂ ಇದ್ದವು ಎಂದು ಯಾರಾದರೂ ವಾದಿಸಬಹುದು. ಅದು ಅಲ್ಲಗಳೆಯುವ ಮಾತಲ್ಲ. ಆದರೆ ಅಷ್ಟೇ ಅಲ್ಲ. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಹೆಸರನ್ನು ಬಾಯಿಪಾಠ ಮಾಡದ ಹೈಸ್ಕೂಲು ವಿದ್ಯಾರ್ಥಿ ನಮ್ಮಲ್ಲಿ ವಿರಳ. ಶಾಲೆಯಲ್ಲಿ ಹೆಸರು ಕೇಳಿದ ನಾಗರಿಕತೆ ಲೂಟಿಯಾದಾಗ ಏನೋ ಕಳೆದುಕೊಂಡಂತಾಗುತ್ತದೆ. ಹೆಸರೇ ಕೇಳಿರದ ನಾಗರಿಕತೆ ಲೂಟಿಯಾದರೆ ಅದು ಬಡ ದೇಶವೊಂದರ ಅಂತರ್ಯುದ್ಧದ ಇನ್ನೊಂದು ಸುದ್ದಿಯಾಗಿ ಮುಗಿಯುತ್ತದೆ.

ಖಾರ್ತೂಮಿನಲ್ಲಿದ್ದುದು ಮುಖ್ಯವಾಗಿ ಕುಶ್ ಸಾಮ್ರಾಜ್ಯದ ಸಂಪತ್ತು. (ಈ ಕುಶ್‌ಗೂ ನಮ್ಮ ಉತ್ತರ ಭಾರತದ ಕುಶಾನರಿಗೂ ಸಂಬಂಧವಿಲ್ಲ. ಹೆಸರು ಕೇಳಿದ ಕೂಡಲೇ ಕುಶಾನರೇ ನೆನಪಾಗುತ್ತಾರೆ ಎಂಬುದು ಕೂಡಾ ನಮ್ಮ ಶಿಕ್ಷಣದ ಕುರಿತು ಏನನ್ನೋ ಹೇಳುತ್ತದೆ.) ಈಜಿಪ್ಟಿನ ದಕ್ಷಿಣಕ್ಕೆ, ಇಂದಿನ ಉತ್ತರ ಸುಡಾನಿನಲ್ಲಿ, ನೈಲ್ ನದಿಯ ದಂಡೆಯಲ್ಲೇ ಬೆಳೆದ ನಾಗರಿಕತೆಯಿದು. ಅದರ ಮೊದಲ ರಾಜಧಾನಿ ಕೆರ್ಮಾ ಕ್ರಿ.ಪೂ. 2500ರ ಸುಮಾರಿಗೆ ತಲೆಯೆತ್ತಿ ಸಾವಿರ ವರ್ಷ ಬಾಳಿತು. ಹಸಿ ಇಟ್ಟಿಗೆಯಿಂದ ಕಟ್ಟಿದ ಅಲ್ಲಿನ ದೇವಾಲಯದ ಗೋಪುರ ಇಂದಿಗೂ ಸುಮಾರು 18 ಮೀಟರ್ ಎತ್ತರದಲ್ಲಿ ನಿಂತಿದೆ. ಅರಸರ ಸಮಾಧಿ ದಿಬ್ಬಗಳಲ್ಲಿ ಕೆಲವು 90 ಮೀಟರ್‌ನಷ್ಟು ಅಗಲವಾಗಿವೆ. ಆ ಬಳಿಕ ಈಜಿಪ್ಟ್ ಕುಶ್ ಅನ್ನು ಗೆದ್ದು ಸುಮಾರು ಐದು ಶತಮಾನ ಆಳಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ತಿರುಗಿ ಬಿತ್ತು. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಕುಶ್‌ನ ಅರಸ ಪಿಯೆ ಉತ್ತರಕ್ಕೆ ದಂಡೆತ್ತಿ ಹೋಗಿ ಈಜಿಪ್ಟನ್ನೇ ಗೆದ್ದ. ಅವನ ವಂಶದವರು ಈಜಿಪ್ಟಿನ 25ನೆಯ ರಾಜವಂಶವಾಗಿ ಫರೋಗಳ ಸಿಂಹಾಸನದಲ್ಲಿ ಕುಳಿತರು.

ಪಿಯೆಯ ವಿಜಯಶಾಸನ 1862ರಲ್ಲಿ ಜಬಲ್ ಬರ್ಕಲ್ ಬೆಟ್ಟದ ಬುಡದಲ್ಲಿ ದೊರೆಯಿತು. ಸೋತ ನಗರವೊಂದರ ಲಾಯಕ್ಕೆ ಹೋದಾಗ ಮುತ್ತಿಗೆಯ ಕಾಲದಲ್ಲಿ ಮೇವಿಲ್ಲದೆ ಬಡಕಲಾದ ಕುದುರೆಗಳನ್ನು ಕಂಡು ಆ ಅರಸ ಕೆರಳಿದ ಸಂಗತಿ ಅದರಲ್ಲಿದೆ. ಶತ್ರುವಿನ ಇತರ ಅಪರಾಧಗಳಿಗಿಂತ ಕುದುರೆಗಳನ್ನು ಹಸಿವಿನಲ್ಲಿ ಇರಿಸಿದ್ದೇ ಅವನಿಗೆ ಹೆಚ್ಚು ನೋವು ತಂದಿತಂತೆ. ಸಾವಿರಾರು ವರ್ಷಗಳ ಆಚೆಯ ಅರಸನೊಬ್ಬನ ಮನಸ್ಸು ಇಷ್ಟು ಹತ್ತಿರದಿಂದ ಕಾಣಸಿಗುವ ಶಾಸನಗಳು ಹೆಚ್ಚಿಲ್ಲ. ಅವನ ಮಗ ತಹಾರ್ಕ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹೆಸರಿನೊಂದಿಗೆ ಪ್ರಸ್ತಾಪವಾಗಿರುವ ದೊರೆ. ಅಸ್ಸೀರಿಯಾದ ಸೇನೆಯನ್ನು ವರ್ಷಗಟ್ಟಲೆ ಎದುರಿಸಿ, ಕ್ರಿ.ಪೂ. 671ರಲ್ಲಿ ಮೆಂಫಿಸ್ ನಗರವನ್ನು ಕಳೆದುಕೊಂಡವನು. ಈಜಿಪ್ಟ್ ಕೈತಪ್ಪಿದ ಮೇಲೂ ಕುಶ್ ಇನ್ನೂ ಸಾವಿರ ವರ್ಷ ಮುಂದುವರಿಯಿತು. ರಾಜಧಾನಿ ಇನ್ನೂ ದಕ್ಷಿಣದ ಮೆರೋಯೆಗೆ ಸರಿಯಿತು. ಅಲ್ಲಿ ಕಬ್ಬಿಣ ಕರಗಿಸಿದ ಕಿಟ್ಟದ ರಾಶಿಗಳು ಇಂದಿಗೂ ಗುಡ್ಡಗಳಂತೆ ಬಿದ್ದಿವೆ. ಸುಡಾನಿನಲ್ಲಿ ಇನ್ನೂರಕ್ಕೂ ಹೆಚ್ಚು ಪಿರಮಿಡ್‌ಗಳಿವೆ. ಈಜಿಪ್ಟಿನಲ್ಲಿ ಇರುವುದಕ್ಕಿಂತ ಇದು ಹೆಚ್ಚು. ಆದರೆ ಪಿರಮಿಡ್ ಎಂದೊಡನೆ ನಮ್ಮ ಮಕ್ಕಳು ಹೇಳುವುದು ಈಜಿಪ್ಟಿನ ಹೆಸರನ್ನು ಮಾತ್ರ.

ಕ್ರಿ.ಪೂ. 25ರಿಂದ ಕೆಲವು ವರ್ಷ ಈ ರಾಜ್ಯ ರೋಮ್ ಸಾಮ್ರಾಜ್ಯದೊಂದಿಗೆ ಯುದ್ಧ ನಡೆಸಿತು. ಕುಶ್‌ನ ಸೇನೆಯ ಹಿಂದೆ ಇದ್ದವಳು ಒಬ್ಬ ರಾಣಿ. ಅವಳಿಗೆ ಒಂದು ಕಣ್ಣಿರಲಿಲ್ಲ ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಕೊನೆಗೆ ನಡೆದ ಸಂಧಿಯಲ್ಲಿ ಅಗಸ್ಟಸ್ ಚಕ್ರವರ್ತಿ ಕಪ್ಪಕಾಣಿಕೆಯ ಬೇಡಿಕೆಯನ್ನು ಕೈಬಿಟ್ಟ. ಅದೇ ಅಗಸ್ಟಸ್‌ನ ಕಂಚಿನ ತಲೆ 1910ರಲ್ಲಿ ಮೆರೋಯೆಯಲ್ಲಿ ಸಿಕ್ಕಿತು. ದೇವಾಲಯವೊಂದರ ಮೆಟ್ಟಿಲ ಕೆಳಗೆ, ಒಳಹೋಗುವವರೆಲ್ಲ ತುಳಿದು ಹೋಗುವಂತೆ ಅದನ್ನು ಹೂಳಲಾಗಿತ್ತು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರೋಮಿನ ಕುರಿತು ಪಾಠ ಓದುವ ವಿದ್ಯಾರ್ಥಿ ಅಗಸ್ಟಸ್‌ನ ಹೆಸರು ಕಲಿಯುತ್ತಾನೆ. ಅವನ ತಲೆಯನ್ನು ಮೆಟ್ಟಿಲಡಿಯಲ್ಲಿ ಹೂತವರ ಹೆಸರನ್ನು ಕಲಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ಕುಶ್ ಪಠ್ಯದಿಂದ ಹೊರಗುಳಿದುದು ಹೇಗೆ? ಪುರಾವೆ ಇಲ್ಲದ್ದರಿಂದ ಎಂಬ ಉತ್ತರ ಸುಲಭದ್ದು, ಆದರೆ ಸತ್ಯವಲ್ಲ. ಪುರಾವೆ ಕಣ್ಣೆದುರಿಗಿದ್ದಾಗಲೂ ಅದನ್ನು ಕಟ್ಟಿದವರಿಂದ ಕಿತ್ತು ಬೇರೆಯವರಿಗೆ ಕೊಡಲಾಯಿತು. 1834ರಲ್ಲಿ ಫೆರ್ಲಿನಿ ಎಂಬ ಇಟಲಿಯ ವೈದ್ಯ ನಿಧಿಯಾಸೆಯಿಂದ ಮೆರೋಯೆಯ ಪಿರಮಿಡ್‌ಗಳನ್ನು ತುದಿಯಿಂದ ಕೆಡವತೊಡಗಿದ. ರಾಣಿ ಅಮಾನಿಶಖೆತೊಳ ಪಿರಮಿಡ್‌ನಲ್ಲಿ ಅವನಿಗೆ ಚಿನ್ನದ ಆಭರಣಗಳು ಸಿಕ್ಕವು. ಅವನ್ನು ಯುರೋಪಿಗೆ ಕೊಂಡೊಯ್ದು ಮಾರಲು ಹೊರಟಾಗ ಆಫ್ರಿಕಾದ ಒಳನಾಡಿನಲ್ಲಿ ಇಂಥ ಕುಸುರಿ ಕೆಲಸ ಸಾಧ್ಯವೆಂದು ಜನ ನಂಬಲಿಲ್ಲ, ನಕಲಿಯಿರಬೇಕೆಂದು ಶಂಕಿಸಿದರು. ಇಂದು ಆ ಆಭರಣಗಳು ಮ್ಯೂನಿಕ್ ಮತ್ತು ಬರ್ಲಿನ್‌ನ ಸಂಗ್ರಹಾಲಯಗಳಲ್ಲಿವೆ. ಪಿರಮಿಡ್ ಹೋಯಿತು, ಆಭರಣ ಹೋಯಿತು, ಮಾಡಿದವರ ಕೈಗೆ ಸಲ್ಲಬೇಕಾದ ಹೆಸರೂ ಬಹುಕಾಲ ಸಲ್ಲಲಿಲ್ಲ.

ಫೆರ್ಲಿನಿ ನಿಧಿಗಳ್ಳ, ಬಿಡೋಣ. ಜಾರ್ಜ್ ರೈಸ್ನರ್ ಹಾಗಲ್ಲ. ತನ್ನ ಕಾಲದ ಅತ್ಯಂತ ಶಿಸ್ತಿನ ಉತ್ಖನನಕಾರರಲ್ಲಿ ಒಬ್ಬನಾದ ಈ ಅಮೆರಿಕನ್ ವಿದ್ವಾಂಸ 1913ರಿಂದ 1916ರ ವರೆಗೆ ಕೆರ್ಮಾದಲ್ಲಿ ಅಗೆದ. ದೊಡ್ಡ ಸಮಾಧಿ ದಿಬ್ಬಗಳನ್ನು ಕಂಡ. ಅಲ್ಲಿ ಈಜಿಪ್ಟಿನ ಅಧಿಕಾರಿಯೊಬ್ಬನ ಮತ್ತು ಅವನ ಪತ್ನಿಯ ಪ್ರತಿಮೆಗಳು ದೊರೆತವು. ಅಲ್ಲಿಗೆ ಅವನ ತೀರ್ಮಾನ ಸಿದ್ಧವಾಯಿತು: ಕೆರ್ಮಾ ಈಜಿಪ್ಟಿನ ರಾಜ್ಯಪಾಲರ ಠಾಣೆ, ಸಮಾಧಿಗಳು ಆ ರಾಜ್ಯಪಾಲರವು. 25ನೆಯ ರಾಜವಂಶದ ವಿಷಯ ಬಂದಾಗ ಆ ಅರಸರ ಮೂಲವನ್ನು ಉತ್ತರದ ಲಿಬಿಯಾದಲ್ಲಿ ಹುಡುಕಿದ. ಕಪ್ಪು ಜನರು ಇಂಥದ್ದನ್ನು ಸ್ವತಃ ಕಟ್ಟಿರಬಹುದು ಎಂಬ ಸರಳ ಸಾಧ್ಯತೆ ಅವನ ತರ್ಕದಲ್ಲಿ ಕೊನೆಯ ಸ್ಥಾನದಲ್ಲೂ ಇರಲಿಲ್ಲ. ಆ ಪ್ರತಿಮೆಗಳು ಕೆರ್ಮಾದ ಅರಸರು ಈಜಿಪ್ಟಿನಿಂದ ದೋಚಿ ತಂದ ಯುದ್ಧದ ಕೊಳ್ಳೆ ಎಂಬುದನ್ನು ಬಳಿಕದ ಸಂಶೋಧಕರು ಗುರುತಿಸಿದರು. 2003ರಲ್ಲಿ ಈಜಿಪ್ಟಿನ ಎಲ್ ಕಾಬ್‌ನ ಸಮಾಧಿಯೊಂದರಲ್ಲಿ ಪತ್ತೆಯಾದ ಬರಹ, ಕುಶ್‌ನ ಸೇನೆ ಈಜಿಪ್ಟಿನ ಒಳಕ್ಕೆ ನುಗ್ಗಿದ್ದನ್ನು ಈಜಿಪ್ಟಿನವರ ಬಾಯಿಂದಲೇ ಹೇಳಿತು. ಅದೇ ವರ್ಷ ಸ್ವಿಟ್ಜರ್‌ಲ್ಯಾಂಡಿನ ಚಾರ್ಲ್ಸ್ ಬೊನೆ ಅವರ ತಂಡ ಕೆರ್ಮಾದ ಸಮೀಪ ಕುಶ್‌ನ ಅರಸರ ಏಳು ಕಲ್ಲಿನ ಪ್ರತಿಮೆಗಳನ್ನು ಗುಂಡಿಯೊಂದರಿಂದ ಹೊರತೆಗೆಯಿತು. ಅವುಗಳಲ್ಲಿ ತಹಾರ್ಕನದ್ದೂ ಇದೆ.

ಗಮನಿಸಬೇಕಾದ ವಿಷಯವೇನೆಂದರೆ, ರೈಸ್ನರ್ ಸುಳ್ಳು ಹೇಳಲಿಲ್ಲ. ಅವನ ಟಿಪ್ಪಣಿಗಳನ್ನು, ಅವನ ಫೋಟೊಗಳನ್ನು ಇಂದಿನವರೂ ಬಳಸುತ್ತಾರೆ. ಅಗೆದ ಗುದ್ದಲಿ ಪ್ರಾಮಾಣಿಕವಾಗಿತ್ತು, ನೋಡಿದ ಕಣ್ಣಿಗೆ ಪೊರೆಯಿತ್ತು. ಆ ಪೊರೆ ಅವನೊಬ್ಬನದ್ದಲ್ಲ. ಆಫ್ರಿಕಾಕ್ಕೆ ಇತಿಹಾಸವೇ ಇಲ್ಲ ಎಂದು 1820ರ ದಶಕದಲ್ಲಿ ಜರ್ಮನ್ ತತ್ವಜ್ಞಾನಿ ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ಸಾರಿದ್ದ. ಈಜಿಪ್ಟನ್ನು ಮಾತ್ರ ಅವನು ಆಫ್ರಿಕಾದಿಂದ ಬೇರ್ಪಡಿಸಿ ಏಷ್ಯಾದ ಪಕ್ಕದಲ್ಲಿ ಇರಿಸಿದ. 1963ರಲ್ಲಿಯೂ ಆಕ್ಸ್‌ಫರ್ಡಿನ ಇತಿಹಾಸ ಪ್ರಾಧ್ಯಾಪಕ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರುವುದು ಯುರೋಪಿಯನ್ನರ ಇತಿಹಾಸ ಮಾತ್ರ ಎಂಬರ್ಥದ ಮಾತನ್ನು ಆಡಿದ. ಹೀಗೆ ನೈಲ್ ನದಿಗೆ ಅಡ್ಡವಾಗಿ ಒಂದು ಅದೃಶ್ಯ ಗೋಡೆ ಎದ್ದಿತು. ಗೋಡೆಯ ಉತ್ತರಕ್ಕೆ ನಾಗರಿಕತೆ, ದಕ್ಷಿಣಕ್ಕೆ ಕಾಡು. ನಮ್ಮ ಪಠ್ಯಪುಸ್ತಕಗಳು ಆ ಗೋಡೆಯನ್ನು ಪ್ರಶ್ನಿಸದೆ ನಕಲು ಮಾಡಿದವು.

ಇದೇ ಕತೆ ದಕ್ಷಿಣ ಆಫ್ರಿಕಾ ಖಂಡಭಾಗದಲ್ಲಿ ಇನ್ನೂ ನಿರ್ಲಜ್ಜವಾಗಿ ನಡೆಯಿತು. ಗ್ರೇಟ್ ಜಿಂಬಾಬ್ವೆಯ ಬೃಹತ್ ಕಲ್ಲಿನ ಗೋಡೆಗಳನ್ನು 1871ರಲ್ಲಿ ಕಂಡ ಜರ್ಮನ್ ಪ್ರವಾಸಿ ಕಾರ್ಲ್ ಮೌಖ್, ಇದು ಸಬಾದ ರಾಣಿಯದ್ದಿರಬೇಕೆಂದ. ನಮ್ಮ ಮನೆಗಳಲ್ಲಿ ಬಿಲ್ಕೀಸ್ ಎಂದು ಕರೆಯಲ್ಪಡುವ ಆ ರಾಣಿಯನ್ನು ಯಮನ್‌ನಿಂದ ಅಷ್ಟು ದೂರ ಎಳೆದು ತಂದರೂ ಸರಿ, ಪಕ್ಕದ ಹಳ್ಳಿಯವರ ಪೂರ್ವಜರಿಗೆ ಮಾತ್ರ ಅದನ್ನು ಕೊಡಲಾಗದು! 1905ರಲ್ಲಿಯೂ 1929ರಲ್ಲಿಯೂ ಅಲ್ಲಿ ಅಗೆದ ಪುರಾತತ್ವಜ್ಞರು ಅದು ಸ್ಥಳೀಯ ಆಫ್ರಿಕನ್ನರದ್ದೇ ಎಂದು ತೋರಿಸಿಕೊಟ್ಟರು. ಆದರೂ ರೊಡೇಷ್ಯಾದ ಬಿಳಿಯರ ಸರಕಾರ 1970ರ ಸುಮಾರಿಗೆ ಅದೇ ಸತ್ಯವನ್ನು ಹೇಳದಂತೆ ಒತ್ತಡ ಹೇರಿತು. ಪೀಟರ್ ಗಾರ್ಲೇಕ್ ಎಂಬ ಪುರಾತತ್ವಜ್ಞ ದೇಶ ಬಿಡಬೇಕಾಯಿತು. ನೆಲ ನಮ್ಮದು ಎನ್ನಲು ಆಳುವವರಿಗೆ, ಈ ನೆಲದವರು ಹಿಂದೆ ಏನನ್ನೂ ಕಟ್ಟಿರಲಿಲ್ಲ ಎಂಬ ಇತಿಹಾಸ ಬೇಕಾಗುತ್ತದೆ. ಫೆಲೆಸ್ತೀನಿನ ಸುದ್ದಿಯನ್ನು ಓದುವ ನಮಗೆ ಈ ತರ್ಕದ ಪರಿಚಯ ಬೇರೆ ಬೇಕಿಲ್ಲ.

ಲಿಪಿಯ ಪ್ರಶ್ನೆಯೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಕೆರ್ಮಾದ ಜನರು ಬರಹ ಬಿಟ್ಟುಹೋಗಲಿಲ್ಲ. ಅವರ ಕುರಿತು ಬರೆದವರು ಅವರ ವೈರಿಗಳಾದ ಈಜಿಪ್ಟಿನವರು. ಅವರ ಶಾಸನಗಳಲ್ಲಿ ಕುಶ್‌ನ ಹೆಸರು ಬರುವುದೇ ಹೀನ ಎಂಬ ವಿಶೇಷಣದ ಜೊತೆ. ಆ ಬಳಿಕ ಮೆರೋಯೆಯವರು 23 ಚಿಹ್ನೆಗಳ ಸ್ವಂತ ಲಿಪಿಯನ್ನು ರೂಪಿಸಿದರು. ಅದರ ಉಚ್ಚಾರವನ್ನು ಬ್ರಿಟನ್ನಿನ ಗ್ರಿಫಿತ್ 1911ರ ಹೊತ್ತಿಗೆ ಬಿಡಿಸಿದ. ಓದಿದರೆ ಧ್ವನಿ ಹೊರಡುತ್ತದೆ, ಅರ್ಥ ಮಾತ್ರ ಬಹುಪಾಲು ಹೊರಡುವುದಿಲ್ಲ. ಅರಬಿ ಅಕ್ಷರ ಕಲಿತು ಅರ್ಥ ತಿಳಿಯದೆ ಓದುವ ನಮ್ಮ ಮಕ್ಕಳ ಸ್ಥಿತಿ ಇಂದು ಮೆರೋಯೆಯ ಮುಂದೆ ಇಡೀ ವಿದ್ವತ್ ಲೋಕದ್ದಾಗಿದೆ. ಆದರೆ ಇದನ್ನೇ ನೆಪವಾಗಿಸಲು ಬರುವುದಿಲ್ಲ. ಹರಪ್ಪದ ಲಿಪಿಯನ್ನು ಯಾರೂ ಓದಿಲ್ಲ. ಹಾಗೆಂದು ಹರಪ್ಪ ಪಠ್ಯದಿಂದ ಹೊರಗುಳಿದಿದೆಯೇ?

ಇನ್ನು ಮದ್ರಸದ ಕಪಾಟಿನತ್ತಲೂ ತಿರುಗೋಣ. ಯುರೋಪನ್ನು ದೂರಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಒಂಬತ್ತನೆಯ ಶತಮಾನದಲ್ಲಿ ಬಸ್ರಾದ ಜಾಹಿಝ್, ಬಿಳಿಯರ ಎದುರು ಕರಿಯರ ಹಿರಿಮೆಯನ್ನು ವಾದಿಸುವ ಒಂದು ಕೃತಿಯನ್ನೇ ರಚಿಸಿದರು. ಇಬ್ನು ಖಲ್ದೂನ್, ಕಪ್ಪು ಬಣ್ಣ ನೂಹರ ಮಗ ಹಾಮ್‌ನಿಗೆ ತಗಲಿದ ಶಾಪವೆಂಬ ಕಟ್ಟುಕತೆಯನ್ನು ತಿರಸ್ಕರಿಸಿ ಅದಕ್ಕೆ ಹವಾಮಾನವೇ ಕಾರಣ ಎಂದರು. ಅದೇ ಗ್ರಂಥದಲ್ಲಿ ಅತ್ಯುಷ್ಣ ವಲಯದ ಜನರನ್ನು ಪ್ರಾಣಿಗಳಿಗೆ ಹತ್ತಿರವಿಟ್ಟವರೂ ಅವರೇ. ಕ್ರಿ.ಶ. 652ರಲ್ಲಿ ಈಜಿಪ್ಟಿನ ಮುಸ್ಲಿಮ್ ಸೇನೆ ನೂಬಿಯಾದ ರಾಜಧಾನಿ ದೊಂಗೊಲಾವನ್ನು ಮುತ್ತಿದಾಗ ನೂಬಿಯಾದ ಬಿಲ್ಲುಗಾರರು ಸೈನಿಕರ ಕಣ್ಣಿಗೇ ಗುರಿಯಿಟ್ಟು ಹೊಡೆದರು. ಅರಬರು ಅವರನ್ನು ಕಣ್ಣಿನ ಪಾಪೆಗೆ ಬಾಣ ನೆಡುವವರು ಎಂದು ಕರೆದರು. ಗೆಲ್ಲಲಾಗದೆ ಒಪ್ಪಂದವಾಯಿತು. ಬಕ್ತ್ ಎಂಬ ಆ ಒಪ್ಪಂದ ಶತಮಾನಗಳ ಕಾಲ ಉಳಿಯಿತು. ಎರಡು ಧರ್ಮಗಳ ರಾಜ್ಯಗಳು ಇಷ್ಟು ದೀರ್ಘಕಾಲ ಮಾತಿಗೆ ನಿಂತ ಉದಾಹರಣೆಯಾಗಿ ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಕ್ರೀಝಿ ದಾಖಲಿಸಿರುವ ಅದರ ಪಠ್ಯದಲ್ಲಿ ನೂಬಿಯಾ ವರ್ಷಕ್ಕೆ 360 ಗುಲಾಮರನ್ನು ಕೊಡಬೇಕೆಂಬ ಷರತ್ತಿದೆ. ಹೆಮ್ಮೆಯ ಜೊತೆಗೆ ಆ ಸಾಲನ್ನೂ ಓದಬೇಕಲ್ಲವೇ?

ಅಬಿಸೀನಿಯಾದ ವಿಷಯದಲ್ಲಂತೂ ನಮ್ಮ ಸ್ಥಿತಿ ವಿಚಿತ್ರವಾದುದು. ಮಕ್ಕಾದ ಹಿಂಸೆ ತಾಳಲಾರದೆ ಸಹಾಬಿಗಳು ಕ್ರಿ.ಶ. 615ರ ಸುಮಾರಿಗೆ ಹಬ್‌ಶಕ್ಕೆ ಹಿಜ್ರತ್ ಹೋದುದನ್ನು, ನಜ್ಜಾಶಿ ದೊರೆ ಅವರಿಗೆ ಆಶ್ರಯ ಕೊಟ್ಟುದನ್ನು ನಮ್ಮ ಮದ್ರಸದ ಎಳೆಯ ಮಗುವೂ ಹೇಳುತ್ತದೆ. ಆ ದೊರೆಯ ರಾಜ್ಯದ ಹೆಸರು ಅಕ್ಸುಮ್ ಎಂದು ಯಾರೂ ಹೇಳಿಕೊಡುವುದಿಲ್ಲ. ಇಂದಿನ ಇಥಿಯೋಪಿಯ ಮತ್ತು ಎರಿಟ್ರಿಯದಲ್ಲಿ ಹರಡಿದ್ದ ಈ ರಾಜ್ಯ ಚಿನ್ನ, ಬೆಳ್ಳಿ, ಕಂಚಿನಲ್ಲಿ ಸ್ವಂತ ನಾಣ್ಯ ಅಚ್ಚು ಹಾಕುತ್ತಿತ್ತು. ರೋಮ್, ಪರ್ಶಿಯ, ಚೀನಾಗಳ ಸಾಲಿನಲ್ಲಿ ಜಗತ್ತಿನ ನಾಲ್ಕು ಮಹಾರಾಜ್ಯಗಳಲ್ಲಿ ಒಂದೆಂದು ಮೂರನೆಯ ಶತಮಾನದ ಮಾನಿಯ ಅನುಯಾಯಿಗಳ ಗ್ರಂಥ ಅದನ್ನು ಎಣಿಸಿದೆ. ಅಲ್ಲಿಂದ ಮುಸೊಲಿನಿಯ ಸೇನೆ 1937ರಲ್ಲಿ ರೋಮಿಗೆ ಸಾಗಿಸಿದ 24 ಮೀಟರ್ ಎತ್ತರದ ಕಲ್ಲಿನ ಸ್ತಂಭ 2005ರಲ್ಲಷ್ಟೇ ಮರಳಿ ಬಂದು 2008ರಲ್ಲಿ ಮತ್ತೆ ನಿಂತಿತು. ಇಷ್ಟು ದೂರದ ಮಾತೇಕೆ, ಅಕ್ಸುಮ್‌ನ ಚಿನ್ನದ ನಾಣ್ಯಗಳು ನಮ್ಮ ಮಂಗಳೂರಿನಲ್ಲೇ ದೊರೆತಿವೆ. ಕೆಂಪು ಸಮುದ್ರದ ಅರಸರ ನಾಣ್ಯ ಕರಾವಳಿಯ ಮಣ್ಣಿನಲ್ಲಿ ಸಿಗಬೇಕಾದರೆ ನಮ್ಮ ವ್ಯಾಪಾರಿಗಳಿಗೆ ಅವರ ಪರಿಚಯವಿತ್ತೆಂದೇ ಅರ್ಥ. ವ್ಯಾಪಾರಿಗೆ ತಿಳಿದಿದ್ದುದು ವಿದ್ಯಾರ್ಥಿಗೆ ತಿಳಿಯದೆ ಹೋಯಿತು.

ಇದು ಕೇವಲ ಪರೀಕ್ಷೆಯ ಎರಡು ಅಂಕದ ವಿಷಯವಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ ಕಾರಿಗೆ ಸಿಲುಕಿ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿತು, ಆಕೆಯಿದ್ದ ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಖಾರ್ತೂಮಿಗೂ ದಾರುಸ್ಸಲಾಮಿಗೂ ನಡುವೆ ಎರಡೂವರೆ ಸಾವಿರ ಕಿಲೋಮೀಟರ್ ಇದೆ. ಆ ಗುಂಪಿಗೆ ಅದೆಲ್ಲ ಒಂದೇ ಬಣ್ಣವಾಗಿ ಕಂಡಿತು. ಪಾಠವೊಂದನ್ನು ಓದಿದ್ದರೆ ಗುಂಪು ಸುಮ್ಮನಿರುತ್ತಿತ್ತು ಎನ್ನುವಷ್ಟು ಮುಗ್ಧರು ನಾವಲ್ಲ. ಆದರೆ ಹತ್ತು ವರ್ಷ ಇತಿಹಾಸ ಓದಿದ ಮೇಲೂ ಒಂದು ಇಡೀ ಖಂಡ ಮುಖವಿಲ್ಲದ ಗುಂಪಾಗಿ ಉಳಿಯುವುದಾದರೆ ಅದರ ಹೊಣೆಯ ಒಂದು ಪಾಲು ಪಠ್ಯಪುಸ್ತಕದ್ದೂ ಹೌದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಕ್ಕಳು ಇದೇ ಪುಸ್ತಕಗಳನ್ನು ಓದುತ್ತಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದಿದ್ದರು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಕುಶ್ ಅವರ ನೇರ ಪೂರ್ವಜರ ರಾಜ್ಯವೆಂದು ನಾವು ಹೇಳುತ್ತಿಲ್ಲ. ಆದರೆ ಆಫ್ರಿಕಾ ಎಂದರೆ ಗುಲಾಮರ ಹಡಗು ಎಂದಷ್ಟೇ ಕಲಿಸುವ ತರಗತಿಯಲ್ಲಿ ಕುಳಿತ ಸಿದ್ದಿ ಬಾಲಕಿಯನ್ನು ಅವಳ ಸಹಪಾಠಿಗಳು ಯಾವ ಕಣ್ಣಿನಿಂದ ನೋಡುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ವಿಶ್ವ ಇತಿಹಾಸ ಪುಸ್ತಕದಿಂದ 2022ರ ಪರಿಷ್ಕರಣೆಯಲ್ಲಿ ಕೆಲವು ಅಧ್ಯಾಯಗಳನ್ನು ಕೈಬಿಡಲಾಯಿತು. ಇಸ್ಲಾಮೀ ನಾಡುಗಳ ಅಧ್ಯಾಯ ಹೋದುದಕ್ಕೆ ನಮ್ಮ ವಲಯದಲ್ಲಿ ಆಕ್ಷೇಪ ಕೇಳಿಬಂತು. ನ್ಯಾಯವಾದ ಆಕ್ಷೇಪವದು. ಆದರೆ ಅದೇ ಪಟ್ಟಿಯಲ್ಲಿ ಮಾನವ ಕುಲ ಆಫ್ರಿಕಾದಲ್ಲಿ ಹುಟ್ಟಿದ ಬಗೆಯನ್ನು ವಿವರಿಸುವ ಮೊದಲ ಅಧ್ಯಾಯವೂ ಇತ್ತು. ನಮ್ಮ ಹೆಸರಿರುವ ಪುಟ ಹರಿದಾಗ ಮಾತ್ರ ದನಿಯೆತ್ತುವವರ ಮಾತಿಗೆ ಪಠ್ಯ ಸಮಿತಿಯ ಮುಂದೆ ತೂಕ ಎಷ್ಟಿರುತ್ತದೆ?

ಸಾಮಗ್ರಿಯ ಕೊರತೆಯಿಲ್ಲ. ಆಫ್ರಿಕಾದ ಇತಿಹಾಸವನ್ನು ಬಹುಪಾಲು ಆಫ್ರಿಕನ್ ವಿದ್ವಾಂಸರ ಕೈಯಿಂದಲೇ ಬರೆಸುವ ಯೋಜನೆಯನ್ನು ಯುನೆಸ್ಕೋ 1964ರಲ್ಲಿ ಕೈಗೆತ್ತಿಕೊಂಡು ಎಂಟು ಸಂಪುಟಗಳನ್ನು ಹೊರತಂದಿತು. ಮೆರೋಯೆ 2011ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2023ರ ಪಠ್ಯಕ್ರಮ ಚೌಕಟ್ಟಿನ ಬಳಿಕ ಹೊಸ ಪುಸ್ತಕಗಳು ಸಿದ್ಧವಾಗತೊಡಗಿವೆ. ಸಿಂಧೂ, ನೈಲ್, ಯೂಫ್ರೆಟಿಸ್, ಹ್ವಾಂಗ್‌ಹೋ ಎಂಬ ಹಳೆಯ ನಾಲ್ಕು ನದಿಗಳ ಪಟ್ಟಿಯನ್ನು ಬದಲಿಸುವುದೂ ಬೇಡ. ನೈಲ್ ನದಿಯ ಪಾಠವನ್ನು ಅಸ್ವಾನಿನಲ್ಲಿ ನಿಲ್ಲಿಸದೆ ಇನ್ನೆರಡು ಪುಟ ಮೇಲಕ್ಕೆ ಕೊಂಡೊಯ್ದರೆ ಸಾಕು. ಇದಕ್ಕೆ ಸರಕಾರದ ಆದೇಶವನ್ನು ಕಾಯಲೇಬೇಕೆಂದೂ ಇಲ್ಲ. ನಮ್ಮ ಆಡಳಿತದಲ್ಲಿರುವ ಶಾಲೆಗಳು ಊರೂರಿನಲ್ಲಿವೆ. ಅಲ್ಲಿ ಹಬ್‌ಶದ ಹಿಜ್ರತ್ ಕಲಿಸುವ ದಿನ ಉಸ್ತಾದರು ಗೋಡೆಗೊಂದು ಆಫ್ರಿಕಾದ ಭೂಪಟ ತೂಗುಹಾಕಿ ಅಕ್ಸುಮ್, ಮೆರೋಯೆ, ಕೆರ್ಮಾಗಳ ಮೇಲೆ ಬೆರಳಿಡಬಹುದು. ಮಂಗಳೂರಿಗೂ ಅಲ್ಲಿಗೂ ನಡುವಿನ ಸಮುದ್ರಮಾರ್ಗವನ್ನು ಮಕ್ಕಳೇ ಗೆರೆಯೆಳೆದು ತೋರಿಸುತ್ತಾರೆ.